ಕಪ್ಪಾದ ಗರಿಯಿಂದ ಅಕ್ಷರ ಎತ್ತುವ ವಿದ್ಯೆ

ನಮ್ಮ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ ಶರಣ ಮಡಿವಾಳ ಮಾಚಿದೇವರ ಊರು. ಕಲ್ಯಾಣದಲ್ಲಿ ಕಲ್ಲೋಲವೆದ್ದು ಶರಣರು ದಿಕ್ಕಾಪಾಲಾದಾಗ, ಉಳವಿಯ ದಾರಿ ಹಿಡಿದ ತಂಡದ ಬೆನ್ನಿಗೆ ನಿಂತು, ಅಟ್ಟಿಸಿಕೊಂಡು ಬಂದ ದಂಡನ್ನು ತಡೆದು, ವಚನದ ಕಟ್ಟುಗಳನ್ನು ಕಾಪಾಡಿದವರು ಅವರೇ ಎಂದು ಪರಂಪರೆ ಹೇಳುತ್ತ ಬಂದಿದೆ. ಇವತ್ತು ನಾವು ಮೊಬೈಲಿನಲ್ಲಿ ವಚನ ಓದುತ್ತೇವೆ ಎಂದರೆ, ಅದರ ಹಿಂದೆ ಓಲೆಗರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ ನೂರಾರು ಜನರ ಸಾಲೇ ಇದೆ. ನಮ್ಮ ಭಾಗದವರ ಮಟ್ಟಿಗೆ ಆ ಸಾಲಿನ ಮೊದಲ ಹೆಸರು ಮಾಚಿದೇವರದು.

ಆಮೇಲೆ ಎಂಟು ಶತಮಾನಕ್ಕೂ ಹೆಚ್ಚು ಕಾಲ ಉರುಳಿದೆ. ಗರಿಗೆ ಈಗ ದಂಡಿನ ಭಯವಿಲ್ಲ. ಗೆದ್ದಲು, ಒಲೆಯ ಹೊಗೆ, ಮಳೆಗಾಲದ ಥಂಡಿ, ನಮ್ಮ ಕಡೆಯ ಬೇಸಿಗೆಯ ಕೆಂಡದಂಥ ಒಣ ಬಿಸಿಲು ಇವು ಅದರ ಮೇಲೆ ದಿನವೂ ಕೆಲಸ ಮಾಡುತ್ತಿವೆ. ಇವುಗಳ ಜೊತೆಗೆ ನಮ್ಮ ಭಕ್ತಿಯೂ ಸೇರಿಕೊಂಡಿದೆ. ಜಗಲಿಯ ಮೇಲಿನ ಕಟ್ಟಿಗೆ ವರ್ಷಕ್ಕೊಮ್ಮೆ ಎಣ್ಣೆ ಸವರುವುದು, ಕುಂಕುಮ ಏರಿಸುವುದು, ವಿಭೂತಿ ಹಚ್ಚುವುದು, ಊದಿನಕಡ್ಡಿಯ ಹೊಗೆ ಹಿಡಿಯುವುದು. ಕೊನೆಗೆ ಓದಲಾಗದಷ್ಟು ಕಪ್ಪಾದ ಮೇಲೆ "ಹಳೇದಾತು, ಹೊಳಿಗಿ ಬಿಡೋಣು" ಎನ್ನುವುದು. ಹೀಗೆ ಕೃಷ್ಣೆಯ ಪಾಲಾದ ಕಟ್ಟುಗಳ ಲೆಕ್ಕ ಇಟ್ಟವರಿಲ್ಲ.

ಆದರೆ ಕಪ್ಪಾದ ಗರಿ ಸತ್ತ ಗರಿಯಲ್ಲ. ಕಣ್ಣಿಗೆ ಕಾಣದ ಅಕ್ಷರವನ್ನು ಅದರಿಂದ ಮೇಲೆತ್ತುವ ವಿದ್ಯೆ ಬಂದಿದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಮೇಜಿಂಗ್, ಸಿಗ್ನಲ್ ಪ್ರೊಸೆಸಿಂಗ್ ಎಂಬ ಹೆಸರಿನಲ್ಲಿ ಕಲಿಸುವ ವಿದ್ಯೆಯೇ ಅದು. ಅದರ ಒಂದು ದೊಡ್ಡ ಪ್ರಯೋಗ ಕರ್ನಾಟಕದಲ್ಲೇ ನಡೆದು ಹೆಚ್ಚುಕಡಿಮೆ ಇಪ್ಪತ್ತು ವರ್ಷವಾಯಿತು. ನಡೆದ ಊರು ಉಡುಪಿ. ಹಿಂದೆ ನಿಂತು ನಡೆಸಿದವರು ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಪಿ.ಆರ್. ಮುಕುಂದ್.

ಮಧ್ವಾಚಾರ್ಯರ ಕೃತಿಗಳನ್ನು ಒಟ್ಟಾಗಿ ಸರ್ವಮೂಲ ಗ್ರಂಥಗಳು ಎನ್ನುತ್ತಾರೆ. 36 ಕೃತಿಗಳ ಆ ಸಂಗ್ರಹದ ಸುಮಾರು 700 ವರ್ಷ ಹಳೆಯ ಓಲೆಗರಿ ಪ್ರತಿಯೊಂದು ಉಡುಪಿಯ ಮಠದಲ್ಲಿದೆ. ಗರಿಗಳ ಸಂಖ್ಯೆ ಸುಮಾರು 340. ಒಂದೊಂದೂ 26 ಅಂಗುಲ ಉದ್ದ, ಎರಡೇ ಅಂಗುಲ ಅಗಲ. ಎರಡು ತೂತಿನಲ್ಲಿ ಹೆಣೆದ ದಾರ, ಮೇಲೆ ಕೆಳಗೆ ಭಾರವಾದ ಮರದ ಹಲಗೆ. ಅಂಚುಗಳು ಸೀಳಿ ಚಕ್ಕೆ ಎದ್ದಿದ್ದವು. ಕಾಪಾಡುವ ಉದ್ದೇಶದಿಂದಲೇ ಯಾವಾಗಲೋ ಯಾರೋ ಹಚ್ಚಿದ ಖನಿಜ ತೈಲ ಗರಿಯನ್ನು ಕಡುಕಂದು ಮಾಡಿ ಅಕ್ಷರವನ್ನೇ ನುಂಗಿಬಿಟ್ಟಿತ್ತು. ಶೇಕಡಾ 15ರಷ್ಟು ಭಾಗ ಆಗಲೇ ಇಲ್ಲವಾಗಿದೆ ಎಂದು ಮುಕುಂದ್ ಅಂದಾಜು ಹೇಳಿದ್ದರು.

ತಮ್ಮ ಗುರುಗಳು ಈ ಕಷ್ಟ ಹೇಳಿಕೊಂಡು, ಏನಾದರೂ ಮಾಡು ಎಂದ ಮೇಲೆ ಮುಕುಂದ್ ಈ ಕೆಲಸಕ್ಕಿಳಿದರು. ಅವರ ಸ್ವಂತ ಕ್ಷೇತ್ರ ಎಲೆಕ್ಟ್ರಾನಿಕ್ ಸರ್ಕೀಟುಗಳದು, ಹಸ್ತಪ್ರತಿಯದಲ್ಲ. ಅದಕ್ಕೇ ಅವರು ಅದೇ ಸಂಸ್ಥೆಯ ರೋಜರ್ ಈಸ್ಟನ್ ಅವರ ಬಾಗಿಲು ತಟ್ಟಿದರು. ಈಸ್ಟನ್ ಮೃತ ಸಮುದ್ರದ ಸುರುಳಿಗಳ ಚಿತ್ರ ತೆಗೆದವರು. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಬರಹವನ್ನು ಕೆರೆದು ಅಳಿಸಿ, 1229ರಲ್ಲಿ ಅದರ ಮೇಲೆ ಪ್ರಾರ್ಥನಾ ಪುಸ್ತಕ ಬರೆದಿದ್ದ ಚರ್ಮದ ಹಾಳೆಗಳಿಂದ ಕೆಳಗಿನ ಗಣಿತವನ್ನು ಹೊರತೆಗೆದ ತಂಡದಲ್ಲೂ ಇದ್ದವರು. ಆ ಕೆಲಸದ ಜೊತೆಗಾರ, ಬೋಯಿಂಗ್ ಕಂಪನಿಯ ವಿಜ್ಞಾನಿ ಕೀತ್ ನಾಕ್ಸ್ ಕೂಡ ಬಂದರು. ಮುಕುಂದ್ ಅವರ ಪಿಎಚ್.ಡಿ. ವಿದ್ಯಾರ್ಥಿ ಅಜಯ್ ಪಸುಪುಲೇಟಿ ಸೇರಿಕೊಂಡರು. 2005ರ ಡಿಸೆಂಬರಿನಲ್ಲಿ ಗರಿಗಳ ಸ್ಥಿತಿ ನೋಡಿ ಹೋದ ತಂಡ 2006ರ ಜೂನ್‌ನಲ್ಲಿ ಮರಳಿ ಬಂದು, ಆರು ದಿನ ಮಠದಲ್ಲೇ ಕೂತು ಚಿತ್ರ ತೆಗೆಯಿತು. ಪ್ರತಿ ಗರಿಯ ಎರಡೂ ಬದಿ, ಎಂಟರಿಂದ ಹತ್ತು ತುಣುಕುಗಳಲ್ಲಿ. ಒಟ್ಟು 7,900 ಚಿತ್ರ.

ಅವರು ಬಳಸಿದ್ದು ವೈಜ್ಞಾನಿಕ ಕೆಲಸದ ಡಿಜಿಟಲ್ ಕ್ಯಾಮೆರಾ. ಅದರ ಮುಂದೆ ಒಂದು ಇನ್‌ಫ್ರಾರೆಡ್ ಫಿಲ್ಟರ್. ಇಡೀ ಪ್ರಯೋಗದ ಜೀವ ಆ ಫಿಲ್ಟರಿನಲ್ಲಿತ್ತು. ಅದು ಏಕೆ ಎಂಬುದನ್ನು ನಿಧಾನವಾಗಿ ನೋಡಬೇಕು.

ಓಲೆಗರಿಯ ಮೇಲೆ ನಾವು ಕಾಗದದ ಮೇಲೆ ಬರೆದಂತೆ ಬರೆಯುವುದಿಲ್ಲ. ಕಂಟ ಎಂಬ ಚೂಪು ಸಲಾಕೆಯ ಮೊನೆಯಿಂದ ಗರಿಯ ಮೈಯನ್ನು ಗೀರುತ್ತಾರೆ. ಗೀರಿದಾಗ ಅಕ್ಷರ ಅಷ್ಟಾಗಿ ಕಾಣುವುದಿಲ್ಲ. ಆಮೇಲೆ ದೀಪದ ಕಾಡಿಗೆಯನ್ನೋ ಇದ್ದಿಲ ಪುಡಿಯನ್ನೋ ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆ ತಿಕ್ಕಿ ಒರೆಸುತ್ತಾರೆ. ನಯವಾದ ಮೈಮೇಲಿನ ಮಸಿ ಹೋಗುತ್ತದೆ, ಗೀರಿನೊಳಗೆ ಇಳಿದ ಮಸಿ ಉಳಿಯುತ್ತದೆ. ಹೊಸ ಗರಿಯ ಬಣ್ಣ ತಿಳಿಹಳದಿ, ಅಕ್ಷರ ಕಪ್ಪು. ವರ್ಷಗಳು ಕಳೆದಂತೆ ಗರಿ ಕಂದಾಗುತ್ತದೆ, ಎಣ್ಣೆ ಕುಡಿದರೆ ಇನ್ನೂ ಕಪ್ಪಾಗುತ್ತದೆ. ಮಸಿ ಇದ್ದಲ್ಲೇ ಇದೆ, ಆದರೆ ಅದರ ಸುತ್ತಲಿನ ಗರಿಯೂ ಅದೇ ಬಣ್ಣಕ್ಕೆ ತಿರುಗಿದ್ದರಿಂದ ಕಣ್ಣಿಗೆ ಎರಡರ ವ್ಯತ್ಯಾಸ ಸಿಗದು.

ನಮ್ಮ ಕಣ್ಣು ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಮಾತ್ರ. ಕೆಂಪಿನಾಚೆಗೂ ಬೆಳಕಿದೆ, ಅದೇ ಇನ್‌ಫ್ರಾರೆಡ್. ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಸಾವಿರ ನ್ಯಾನೋಮೀಟರಿನ ಆಸುಪಾಸಿನವರೆಗೂ ನೋಡಬಲ್ಲದು. ಅಲ್ಲಿ ಒಂದು ಅನುಕೂಲವಿದೆ. ಗರಿಯನ್ನು ಕಂದಾಗಿಸಿದ ಸಾವಯವ ವಸ್ತುಗಳು ನೀಲಿ, ಹಸಿರು ಬೆಳಕನ್ನು ಹೀರಿಕೊಳ್ಳುತ್ತವೆಯಾದರೂ ಇನ್‌ಫ್ರಾರೆಡ್ ಬಂದಾಗ ಅಷ್ಟಾಗಿ ಹೀರುವುದಿಲ್ಲ, ಹಿಂದಕ್ಕೆ ಕಳಿಸುತ್ತವೆ. ಮಸಿ ಎಂದರೆ ಇಂಗಾಲ. ಇಂಗಾಲಕ್ಕೆ ಬೆಳಕಿನ ಬಣ್ಣದ ಹಂಗಿಲ್ಲ, ಎಲ್ಲವನ್ನೂ ನುಂಗುತ್ತದೆ. ಹೀಗಾಗಿ ಇನ್‌ಫ್ರಾರೆಡ್ ಫಿಲ್ಟರ್ ಹಾಕಿ ತೆಗೆದ ಚಿತ್ರದಲ್ಲಿ ಕಡುಕಂದು ಗರಿ ಬೆಳ್ಳಗೆ ಕಾಣುತ್ತದೆ, ಗೀರಿನೊಳಗಿನ ಮಸಿ ಮಾತ್ರ ಕಪ್ಪಾಗಿಯೇ ನಿಲ್ಲುತ್ತದೆ. ಏಳು ಶತಮಾನದ ಕೆಳಗೆ ಕೂತು ಬರೆದ ಲಿಪಿಕಾರನ ಸಾಲು ಮತ್ತೆ ಸಾಲಾಗಿ ಕಾಣುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಕಂಪ್ಯೂಟರಿಗೆ ಚಿತ್ರವೆಂದರೆ ಅಂಕಿಗಳ ಚೌಕಳಿ. ಪ್ರತಿ ಚುಕ್ಕಿಗೆ 0ಯಿಂದ 255ರವರೆಗೆ ಒಂದು ಅಂಕಿ. 0 ಎಂದರೆ ಕಡುಕಪ್ಪು, 255 ಎಂದರೆ ಅಚ್ಚಬಿಳುಪು. ಉದಾಹರಣೆಗೆ, ಮಾಮೂಲಿ ಚಿತ್ರದಲ್ಲಿ ಗರಿಯ ಚುಕ್ಕಿಗಳು 60ರ ಸುತ್ತ, ಅಕ್ಷರದ ಚುಕ್ಕಿಗಳು 50ರ ಸುತ್ತ ಇವೆ ಎನ್ನಿ. ಹತ್ತು ಅಂಕಿಯ ಈ ಅಂತರ ನಮ್ಮ ಕಣ್ಣಿಗೆ ಏನೂ ಅಲ್ಲ. ಗಣಿತಕ್ಕೆ ಅದು ಸಾಕು. 50ನ್ನು 0ಗೆ ಎಳೆದು, 60ನ್ನು 255ಕ್ಕೆ ಎಳೆದು, ನಡುವಿನವನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಅಕ್ಷರ ಎದ್ದು ನಿಲ್ಲುತ್ತದೆ. ಉಡುಪಿಯ ಚಿತ್ರಗಳ ಮೇಲೆ ಇಂಥ ಹಲವು ಸಂಸ್ಕಾರ ನಡೆಯಿತು. ಒಂದಿಷ್ಟು ಕೆಲಸ ಫೋಟೋ ಅಂಗಡಿಯವರೂ ಬಳಸುವ ಅಡೋಬಿ ಫೋಟೋಶಾಪಿನಲ್ಲೇ ಆಯಿತು. ಉಳಿದದ್ದಕ್ಕೆ ನಾಕ್ಸ್ ತಾವೇ ಬರೆದ ಸಾಫ್ಟ್‌ವೇರ್ ಇತ್ತು. ಆಮೇಲೆ ಎಂಟು ಹತ್ತು ತುಣುಕುಗಳನ್ನು ಅಂಚಿಗೆ ಅಂಚು ಕೂಡಿಸಿ ಇಡೀ ಗರಿಯನ್ನು ಒಂದೇ ಚಿತ್ರವಾಗಿ ಹೊಲಿದರು.

ಸಿಗ್ನಲ್ ಎಂಬ ಮಾತು ಕೇಳಿದರೆ ನಮ್ಮ ಜನಕ್ಕೆ ನೆನಪಾಗುವುದು ಮೊಬೈಲ್ ಟವರ್. ಎಂಜಿನಿಯರಿಗೆ ಅದರ ಅರ್ಥ ದೊಡ್ಡದು. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಒಂದು ಮಾತು ಆಡಿದರೆ ಅದು ಮತ್ತೆ ಮತ್ತೆ ತಿರುಗಿ ಬರುತ್ತದೆ. ಅದೇ ಹೊತ್ತಿಗೆ ಶಾಲೆಯ ಮಕ್ಕಳು ಕೂಗುತ್ತಿದ್ದರೆ ಯಾವ ಮಾತು ಯಾರದೆಂದು ತಿಳಿಯದು. ಆ ಗದ್ದಲದಿಂದ ಮೊದಲಾಡಿದ ಒಂದು ಮಾತನ್ನು ಬೇರ್ಪಡಿಸಿ ಕೊಡುವುದೇ ಸಿಗ್ನಲ್ ಪ್ರೊಸೆಸಿಂಗ್. ಬೇಕಾದದ್ದು ಸಿಗ್ನಲ್, ಬೇಡದ್ದು ನಾಯ್ಸ್. ಓಲೆಗರಿಯ ಮಟ್ಟಿಗೆ ಲಿಪಿಕಾರನ ಗೀರು ಸಿಗ್ನಲ್. ಎಣ್ಣೆಯ ಕಲೆ, ಗರಿಯ ನಾರು, ಹುಳದ ತೂತು, ಬೆರಳಿನ ಜಿಡ್ಡು ಎಲ್ಲ ನಾಯ್ಸ್.

ಈ ಎರಡನ್ನೂ ಬೇರ್ಪಡಿಸುವ ಒಂದು ಹಂತವನ್ನಾದರೂ ಹತ್ತಿರದಿಂದ ನೋಡೋಣ. ಚಿತ್ರದ ಪ್ರತಿ ಚುಕ್ಕಿಯನ್ನೂ "ಇದು ಅಕ್ಷರ" ಅಥವಾ "ಇದು ಗರಿ" ಎಂದು ತೀರ್ಮಾನಿಸಬೇಕು. ಸುಲಭದ ದಾರಿ ಎಂದರೆ ಒಂದು ಗಡಿ ಅಂಕಿ ಇಟ್ಟುಕೊಳ್ಳುವುದು: ಅದಕ್ಕಿಂತ ಕೆಳಗಿದ್ದರೆ ಅಕ್ಷರ, ಮೇಲಿದ್ದರೆ ಗರಿ. ಆ ಗಡಿಯನ್ನು ಮನಸ್ಸಿಗೆ ಬಂದಂತೆ ಇಡದೆ ಚಿತ್ರದ ಅಂಕಿಗಳಿಂದಲೇ ಲೆಕ್ಕ ಹಾಕುವ ಕ್ರಮವನ್ನು ಜಪಾನಿನ ನೊಬುಯುಕಿ ಓತ್ಸು 1979ರಲ್ಲಿ ಕೊಟ್ಟರು. ಅಚ್ಚಾದ ಪುಸ್ತಕಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಓಲೆಗರಿಗೆ ಹೊಂದುವುದಿಲ್ಲ. ಗರಿಯ ಒಂದು ತುದಿ ಕಪ್ಪು, ಇನ್ನೊಂದು ತುದಿ ಕಂದು, ನಡುವೆ ಕುಂಕುಮದ ಕಲೆ. ಒಂದೇ ಗಡಿ ಇಟ್ಟರೆ ಕಪ್ಪು ತುದಿಯೆಲ್ಲ ಅಕ್ಷರವಾಗಿಬಿಡುತ್ತದೆ, ತಿಳಿಯಾದ ಕಡೆ ಅಕ್ಷರವೇ ಅಳಿಸಿಹೋಗುತ್ತದೆ. 2000ದಲ್ಲಿ ಫಿನ್ಲೆಂಡಿನ ಸೌವೊಲಾ ಮತ್ತು ಪಿಯೆಟಿಕೈನೆನ್ ಪ್ರಕಟಿಸಿದ ಕ್ರಮ ಇದಕ್ಕೆ ಹೆಚ್ಚು ತಕ್ಕುದು. ಅಲ್ಲಿ ಪ್ರತಿ ಚುಕ್ಕಿಗೂ ಅದರ ಸುತ್ತಲಿನ ಸಣ್ಣ ಓಣಿಯನ್ನಷ್ಟೇ ನೋಡುತ್ತಾರೆ. ಆ ಓಣಿಯ ಸರಾಸರಿ ಎಷ್ಟು, ಅಂಕಿಗಳ ಏರಿಳಿತ ಎಷ್ಟು ಎಂದು ಲೆಕ್ಕ ಹಾಕಿ ಅಲ್ಲಿಗಷ್ಟೇ ಸಲ್ಲುವ ಗಡಿಯನ್ನು ನಿಗದಿ ಮಾಡುತ್ತಾರೆ. ಏರಿಳಿತವೇ ಇಲ್ಲದ ಕಡೆ ಅಕ್ಷರವೂ ಇರಲಾರದು ಎಂಬ ಸರಳ ವಿವೇಕ ಅದರಲ್ಲಿದೆ. ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ ಒಂದು ಮಧ್ಯಾಹ್ನ ಕೂತು ಈ ಪ್ರೋಗ್ರಾಂ ಬರೆಯಬಲ್ಲ. ಇದಕ್ಕೆ ಬೇಕಾದ ಸಾಫ್ಟ್‌ವೇರ್ ಎಲ್ಲ ಪುಕ್ಕಟೆ ಸಿಗುತ್ತದೆ.

ಈ ಗಣಿತ ಬರೀ ಹಳೆ ಗರಿಗೆ ಮೀಸಲಲ್ಲ ಎಂಬುದಕ್ಕೆ ನಮ್ಮವರದೇ ಇನ್ನೊಂದು ಉದಾಹರಣೆ ಇದೆ. ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ 1976ರಲ್ಲಿ ಬಿ.ಇ., ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರಲ್ಲಿ ಪಿಎಚ್.ಡಿ. ಪಡೆದ ರಂಗರಾಜ್ ರಂಗಯ್ಯನ್ ಮುಂದೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಸ್ತನದ ಎಕ್ಸ್‌ರೇ ಚಿತ್ರದಲ್ಲಿ ಗಂಟಿನ ಅಂಚು ನುಣುಪಾಗಿದೆಯೋ ಮುಳ್ಳುಮುಳ್ಳಾಗಿದೆಯೋ ಎಂಬುದನ್ನು ಅಂಕಿಯಲ್ಲಿ ಅಳೆಯುವುದು ಅವರ ಸಂಶೋಧನೆಯ ಒಂದು ಮುಖ್ಯ ಭಾಗ. ಮುಳ್ಳಿನ ಅಂಚು ಕ್ಯಾನ್ಸರಿನ ಕಡೆ ಬೆರಳು ತೋರಿಸುತ್ತದೆ. ಗಂಟು ಕಾಣಿಸುವ ಮೊದಲೇ ಅಂಗಾಂಶದ ಎಳೆಗಳು ಸೊಟ್ಟಗಾಗುವುದನ್ನು ಹಿಡಿಯಲು ಗೇಬರ್ ಫಿಲ್ಟರುಗಳನ್ನು ಬಳಸಿ ಅವರ ತಂಡ ವರ್ಷಗಟ್ಟಲೆ ದುಡಿಯಿತು. ಗೇಬರ್ ಫಿಲ್ಟರ್ ಎಂದರೆ ಚಿತ್ರದಲ್ಲಿ ಯಾವ ದಿಕ್ಕಿಗೆ ಗೆರೆಗಳು ಓಡುತ್ತಿವೆ ಎಂದು ಕೇಳುವ ಗಣಿತ. ಮೊಣಕಾಲು ಮಡಚಿ ಬಿಡಿಸುವಾಗ ಹೊರಡುವ ಸಣ್ಣ ಕಂಪನದಿಂದ ಒಳಗಿನ ಮೃದ್ವಸ್ಥಿ ಸವೆದಿದೆಯೇ ಎಂದು ತಿಳಿಯುವ ಪ್ರಯತ್ನವನ್ನೂ ಅವರು ಮಾಡಿದರು. 2002ರಲ್ಲಿ ಬಂದ ಅವರ 'ಬಯೋಮೆಡಿಕಲ್ ಸಿಗ್ನಲ್ ಅನಾಲಿಸಿಸ್' ಈ ವಿಷಯದ ಪಠ್ಯಪುಸ್ತಕ. ಮಂಡ್ಯದ ಕಾಲೇಜಿನಿಂದ ಹೊರಟ ಹುಡುಗ ಅಲ್ಲಿಗೆ ಮುಟ್ಟಿದ್ದನ್ನು ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಮನಿಸಬೇಕು. ಎಕ್ಸ್‌ರೇಯಲ್ಲಿ ಎಳೆ ಹುಡುಕುವುದೂ ಗರಿಯಲ್ಲಿ ಗೀರು ಹುಡುಕುವುದೂ ಗಣಿತದ ಮಟ್ಟಿಗೆ ಅಕ್ಕಪಕ್ಕದ ಮನೆಯ ಕೆಲಸಗಳು.

ಉಡುಪಿಗೆ ಮರಳೋಣ. ಚಿತ್ರ ತೆಗೆದು ಸ್ವಚ್ಛ ಮಾಡಿದ ಮೇಲೆ ಅದನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ ಬಂತು. ಸಿ.ಡಿ. ಹತ್ತು ಹದಿನೈದು ವರ್ಷಕ್ಕೆ ಕೆಡಬಹುದು, ಹಾರ್ಡ್ ಡಿಸ್ಕ್ ಅದಕ್ಕೂ ಮೊದಲೇ ಕೈಕೊಡಬಹುದು. ಫ್ಲಾಪಿಯಲ್ಲಿ ಉಳಿಸಿದ್ದನ್ನು ಓದುವ ಯಂತ್ರ ಇವತ್ತು ಎಷ್ಟು ಮನೆಗಳಲ್ಲಿದೆ? ಗರಿ 700 ವರ್ಷ ಬಾಳಿದೆ. ಅದರ ನಕಲು ಏಳು ವರ್ಷವೂ ಬಾಳದಿದ್ದರೆ ಮಾಡಿದ್ದು ವ್ಯರ್ಥ. ಪಸುಪುಲೇಟಿ ಕೊಟ್ಟ ಉಪಾಯ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಮಾತ್ರ ಹೊಳೆಯುವಂಥದ್ದು: ಕಂಪ್ಯೂಟರ್ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಯ ಮೇಲೆ ಅಲ್ಯೂಮಿನಿಯಂ ಲೇಪಿಸಿ ಗರಿಯ ಚಿತ್ರವನ್ನೇ ಮೂಡಿಸುವುದು. ಒಂದು ಬಿಲ್ಲೆಗೆ ಮೂರು ಗರಿ. ಇಡೀ ಗ್ರಂಥಕ್ಕೆ ನೂರಕ್ಕೂ ಹೆಚ್ಚು ಬಿಲ್ಲೆ. ಬೆಂಕಿಗೂ ನೀರಿಗೂ ಅದು ಜಗ್ಗುವುದಿಲ್ಲ. ಓದಲು ಕಂಪ್ಯೂಟರ್ ಬೇಡ, ಭೂತಗನ್ನಡಿ ಸಾಕು. ಇಡೀ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಈ ಕೊನೆಯ ಮಾತು. ಮುಂದೆ ಯಾವ ಕಂಪನಿ ಮುಚ್ಚಿದರೂ, ಯಾವ ಸಾಫ್ಟ್‌ವೇರ್ ಮರೆಯಾದರೂ, ಕಣ್ಣಿದ್ದವರು ಓದಬಹುದು. ಮುಕುಂದ್ ಮುಂದೆ ಬೆಂಗಳೂರಿನ ತಾರಾ ಪ್ರಕಾಶನದ ಮೂಲಕ ಬೇರೆ ಹಸ್ತಪ್ರತಿಗಳಿಗೂ ಈ ಕೆಲಸ ಹಬ್ಬಿಸಿದರು.

ಈ ವಿದ್ಯೆಯ ಮಿತಿಯನ್ನೂ ಹೇಳಲೇಬೇಕು. ಗೀರಿನಲ್ಲಿ ಮಸಿ ಇದ್ದರೆ ಇನ್‌ಫ್ರಾರೆಡ್ ಕೈ ಹಿಡಿಯುತ್ತದೆ. ಮಸಿಯೇ ಉದುರಿಹೋಗಿ ಬರೀ ಗೀರು ಉಳಿದಿದ್ದರೆ ಅದರಿಂದ ಪ್ರಯೋಜನ ಕಡಿಮೆ. ಆಗ ಬೆಳಕನ್ನು ಬದಿಯಿಂದ ಓರೆಯಾಗಿ ಬೀಳಿಸಿ ಗೀರಿನ ನೆರಳು ಹಿಡಿಯಬೇಕು. ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ಹತ್ತಾರು ಚಿತ್ರ ತೆಗೆದು ಕೂಡಿಸಿ, ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಿಕೊಂಡು ನೋಡುವ ತಂತ್ರವನ್ನು 2001ರಲ್ಲಿ ಎಚ್‌ಪಿ ಕಂಪನಿಯ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಕೊಟ್ಟರು. ಸವೆದ ಶಾಸನ ಓದಲಿಕ್ಕೂ ಅದು ಬಹಳ ಉಪಯೋಗಿ. ಹುಳ ತಿಂದು ಗರಿಯೇ ಇಲ್ಲವಾದ ಕಡೆ ಮಾತ್ರ ಯಾವ ಕ್ಯಾಮೆರಾವೂ ಏನೂ ಮಾಡಲಾರದು. ಈಗಿನ ಕೃತಕ ಬುದ್ಧಿಮತ್ತೆ ಖಾಲಿ ಜಾಗವನ್ನು ತುಂಬಿ ಕೊಡುತ್ತದೆ, ನಿಜ. ಅದು ತುಂಬುವುದು ಊಹೆಯನ್ನು. ವಚನದಲ್ಲಿ ಒಂದು ಅಕ್ಷರ ಬದಲಾದರೆ ಶರಣರು ಹೇಳಿದ್ದೇ ತಿರುವುಮುರುವಾಗುತ್ತದೆ. ಅದಕ್ಕೇ ಕ್ಯಾಮೆರಾದಿಂದ ಬಂದ ಮೂಲ ಚಿತ್ರವನ್ನು ಮುಟ್ಟದೆ ಒಂದು ಕಡೆ ಇಡಬೇಕು, ತಿದ್ದಿದ ಚಿತ್ರವನ್ನು ಬೇರೆ ಇಡಬೇಕು, ಯಂತ್ರ ತುಂಬಿದ ಭಾಗಕ್ಕೆ ಗುರುತು ಹಾಕಬೇಕು. ಇದರಲ್ಲಿ ರಾಜಿ ಸಲ್ಲದು.

ಓದುವ ಕೆಲಸವನ್ನೂ ಯಂತ್ರಕ್ಕೇ ಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಅಚ್ಚಾದ ಕನ್ನಡವನ್ನು ಓದುವ ಯಂತ್ರಕ್ಕಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ಅಶ್ವಿನ್ ಮತ್ತು ಪಿ.ಎಸ್. ಶಾಸ್ತ್ರಿ 2002ರಲ್ಲಿ 'ಸಾಧನಾ' ಸಂಶೋಧನಾ ಪತ್ರಿಕೆಯಲ್ಲಿ ಒಂದು ಕ್ರಮ ಪ್ರಕಟಿಸಿದರು. ಕಾಗುಣಿತ, ಒತ್ತಕ್ಷರ ಎಲ್ಲ ಕೂಡಿದರೆ ಕನ್ನಡದಲ್ಲಿ ಸಾವಿರಾರು ಆಕಾರಗಳಾಗುತ್ತವೆ. ಅದಕ್ಕೇ ಅವರು ಅಕ್ಷರವನ್ನು ಇಡಿಯಾಗಿ ಗುರುತಿಸದೆ ಬಿಡಿ ಭಾಗಗಳಾಗಿ ಒಡೆದು ಗುರುತಿಸುವ ದಾರಿ ಹಿಡಿದರು. ಆಮೇಲೆ ಈ ಕ್ಷೇತ್ರ ಬಹಳ ಮುಂದೆ ಬಂದಿದೆ, ಅಚ್ಚಿನ ಕನ್ನಡವನ್ನು ಯಂತ್ರ ಈಗ ಚೆನ್ನಾಗಿಯೇ ಓದುತ್ತದೆ. ಓಲೆಗರಿಯ ಮಾತು ಬೇರೆ. ಅಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಎ, ಏ ಎರಡಕ್ಕೂ ಒಂದೇ ರೂಪ; ಒ, ಓ ಎರಡಕ್ಕೂ ಒಂದೇ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಯಾವುದು ಹ್ರಸ್ವ, ಯಾವುದು ದೀರ್ಘ, ಪದ ಎಲ್ಲಿ ಮುರಿಯುತ್ತದೆ ಎಂದು ತೀರ್ಮಾನಿಸಲು ಭಾಷೆ ಬಲ್ಲ, ಪರಂಪರೆ ಬಲ್ಲ ಮನುಷ್ಯನೇ ಬೇಕು. ಯಂತ್ರ ಅಂಥವನ ಎದುರು ಶುಭ್ರವಾದ ಚಿತ್ರ ಇಟ್ಟರೆ ಅಷ್ಟೇ ದೊಡ್ಡ ಉಪಕಾರ.

ಅಂಥ ಒಬ್ಬ ಮನುಷ್ಯನನ್ನು ನಮ್ಮ ಜಿಲ್ಲೆ ಕಂಡಿದೆ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ವಕೀಲರಾಗಿ ವಿಜಯಪುರಕ್ಕೆ ಬಂದ ಫ.ಗು. ಹಳಕಟ್ಟಿಯವರು ಊರೂರು ಅಲೆದು, ಮಠಗಳಲ್ಲಿ ಮನೆಗಳಲ್ಲಿ ಕೇಳಿ ಬೇಡಿ ವಚನದ ಕಟ್ಟುಗಳನ್ನು ಕೂಡಿಹಾಕಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು, ಮರುವರ್ಷ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಅದಕ್ಕಾಗಿ ಆಸ್ತಿ ಕರಗಿಸಿಕೊಂಡರು. ಹಳಕಟ್ಟಿಯವರ ಕೈಯಲ್ಲಿದ್ದ ಸಾಧನ ಎರಡೇ, ಕಣ್ಣು ಮತ್ತು ಲೇಖನಿ. ಎಣ್ಣೆದೀಪದ ಹತ್ತಿರ ಗರಿ ಹಿಡಿದು ಒಂದೊಂದೇ ಅಕ್ಷರ ನಕಲು ಮಾಡುವ ಕಾಲ ಅದು. ಅಂದು ಅವರಿಗೆ ಓದಲಾಗದೆ ಉಳಿದ ಸಾಲುಗಳನ್ನು ಇಂದಿನ ಇನ್‌ಫ್ರಾರೆಡ್ ಕ್ಯಾಮೆರಾ ಓದಿಸಬಹುದು ಎಂದು ನಾನು ನಂಬುತ್ತೇನೆ. ಸಿಂದಗಿ ತಾಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿಯವರು ಹಸ್ತಪ್ರತಿ, ಶಾಸನಗಳ ಬೆನ್ನು ಹತ್ತಿ ಜೀವ ತೇಯ್ದದ್ದೂ ಇದೇ ಹಾದಿಯಲ್ಲಿ. ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ತಂದಾಗ ಅದರ ಪ್ರಧಾನ ಸಂಪಾದಕರು ಅವರು.

ಗರಿಯಷ್ಟೇ ಅಲ್ಲ, ನಮ್ಮಲ್ಲಿ ಕಲ್ಲೂ ಉಂಟು. ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನ 945ರದು, ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ್ದು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಓದುತ್ತಿದ್ದ ಶಾಲೆಯೊಂದರ ವಿವರ ಅದರಲ್ಲಿದೆ. ಅಂಥ ಪ್ರಸಿದ್ಧ ಶಾಸನ ಅಚ್ಚಿಗೆ ಬಂದು ಉಳಿದುಕೊಂಡಿತು. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹೊಲದ ಬದುವಿನಲ್ಲಿ, ಗುಡಿಯ ಮೆಟ್ಟಿಲಿನಲ್ಲಿ ಸುಣ್ಣ ಬಳಿಸಿಕೊಂಡು ಬಿದ್ದ ಕಲ್ಲುಗಳಿಗೆ ಆ ಅದೃಷ್ಟವಿಲ್ಲ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಯೋಜನೆ ನಡೆಸುತ್ತಿದೆ. ಬೆಂಗಳೂರಿನ ಕಲ್ಲಿಗೆ ಸಲ್ಲುವ ಕಾಳಜಿ ಸಿಂದಗಿಯ ಕಲ್ಲಿಗೂ ಸಲ್ಲಬೇಕು.

ಇದಕ್ಕೆ ದೊಡ್ಡ ಪ್ರಯೋಗಾಲಯ ಬರಲಿ ಎಂದು ಕಾಯುವ ಅಗತ್ಯವಿಲ್ಲ. ಮಾಮೂಲಿ ಡಿಜಿಟಲ್ ಕ್ಯಾಮೆರಾದ ಸೆನ್ಸರಿಗೂ ಇನ್‌ಫ್ರಾರೆಡ್ ಕಾಣುವ ಶಕ್ತಿ ಇದೆ. ಬಣ್ಣ ಕೆಡಬಾರದೆಂದು ಕಂಪನಿಯವರು ಅದರ ಮುಂದೆ ತಡೆಗಾಜು ಕೂರಿಸಿರುತ್ತಾರೆ. ತಿಳಿದವರು ಆ ಗಾಜು ತೆಗೆದು ಇನ್‌ಫ್ರಾರೆಡ್ ಫಿಲ್ಟರ್ ಹಾಕಿದರೆ ಹಳೆಯ ಕ್ಯಾಮೆರಾವೂ ಈ ಕೆಲಸಕ್ಕೆ ಬರುತ್ತದೆ. ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ದಾಖಲಿಸುವ ಯೋಜನೆ ಘೋಷಿಸಿದೆ. ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಹಳಕಟ್ಟಿ ಸಂಶೋಧನಾ ಕೇಂದ್ರವಿದೆ. ಅದೇ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜಿಗೆ ಇಟ್ಟಿರುವ ಹೆಸರೂ ವಚನ ಪಿತಾಮಹ ಡಾ. ಪಿ.ಜಿ. ಹಳಕಟ್ಟಿಯವರದೇ. ಗರಿ ಬಲ್ಲವರು ಒಂದು ಕಡೆ, ಕ್ಯಾಮೆರಾ ಬಲ್ಲವರು ಇನ್ನೊಂದು ಕಡೆ, ಇಬ್ಬರೂ ಒಂದೇ ಊರಿನಲ್ಲಿ. ಇಷ್ಟು ಅನುಕೂಲ ಬೇರೆ ಎಷ್ಟು ಜಿಲ್ಲೆಗಳಿಗಿದೆ?

ಆದ್ದರಿಂದ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಲ್ಲಿ, ಅವರ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ಕಿಟ್ ತರಬೇಡಿ. ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಬಾಗೇವಾಡಿ, ಮುದ್ದೇಬಿಹಾಳದ ಒಂದು ಮಠಕ್ಕೋ ಮನೆಗೋ ಹೋಗಿ, ಹಸ್ತಪ್ರತಿ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಒಂದೇ ಒಂದು ಕಟ್ಟಿನ ಚಿತ್ರ ತೆಗೆದು ಬ‌ನ್ನಿ. ಗರಿಯನ್ನು ಅವರಿಂದ ಕೇಳಿ ತರಬೇಡಿ, ಕ್ಯಾಮೆರಾವನ್ನೇ ಅಲ್ಲಿಗೆ ಒಯ್ಯಿರಿ. ಮುಕುಂದ್ ಅವರ ತಂಡವೂ ಮಾಡಿದ್ದು ಹಾಗೆಯೇ. ಮನೆಯವರಿಗೆ ಅವರ ಗರಿಯ ಚಿತ್ರದ ಒಂದು ಪ್ರತಿ ಕೊಟ್ಟು ಬನ್ನಿ.

ಮನೆಯಲ್ಲಿ ಕಟ್ಟು ಇಟ್ಟುಕೊಂಡ ಹಿರಿಯರಿಗೂ ಒಂದು ಮಾತು. ಪೂಜೆ ಮಾಡಿ, ಬೇಡ ಎನ್ನುವುದಿಲ್ಲ. ಹೂವು, ಕುಂಕುಮ ಹೊರಗಿನ ಹಲಗೆಗೆ ಸಲ್ಲಲಿ, ಗರಿಗೆ ಬೇಡ. ಎಣ್ಣೆಯನ್ನು ನೀವಾಗಿ ಹಚ್ಚಬೇಡಿ. ಯಾವ ಎಣ್ಣೆ, ಎಷ್ಟು ಎಂಬುದನ್ನು ತರಬೇತಾದವರು ಹೇಳಲಿ. ದಾರ ತುಂಡಾಗಿದ್ದರೆ ಗರಿಯ ಸರದಿ ತಪ್ಪದಂತೆ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೋಡೆಯ ಥಂಡಿ ಮತ್ತು ಅಡುಗೆಮನೆಯ ಹೊಗೆ ತಾಗದ ಜಾಗದಲ್ಲಿಡಿ. ನಿಮ್ಮ ಮೊಮ್ಮಗಳಿಗೆ ಹೇಳಿ ಫ್ಲ್ಯಾಶ್ ಹಾಕದೆ, ನೆರಳಿನ ಬೆಳಕಿನಲ್ಲಿ, ಪ್ರತಿ ಗರಿಯ ಎರಡೂ ಬದಿಯ ಫೋಟೋ ತೆಗೆಸಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಏನೂ ಕಾಣದಷ್ಟು ಕಪ್ಪಾಗಿದ್ದರೂ ಹೊಳೆಗೆ ಬಿಡಬೇಡಿ. ವಿಜಯಪುರದ ಹಳಕಟ್ಟಿ ಸಂಶೋಧನಾ ಕೇಂದ್ರಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗಕ್ಕೋ ಈ ವಾರವೇ ಒಂದು ಪತ್ರ ಬರೆಯಿರಿ.